ಮೂರು ಪ್ರತಿಯ ಮಾಲು ಸ್ವೀಕೃತಿ ಪುಸ್ತಕ: ತಕರಾರಿಗೆ ಕೈಯಲ್ಲೊಂದು ಸಾಕ್ಷಿ

ಸಪ್ಲೈಯರ್ ಜೊತೆ ತಕರಾರು ಎದ್ದಾಗ ಬಾಯಿಮಾತು ನಿಲ್ಲುವುದಿಲ್ಲ, ಈ ಕಾರ್ಬನ್‌ಲೆಸ್ (ಕಾರ್ಬನ್ ಹಾಳೆ ಇಡದೆಯೇ ಕೆಳಗಿನ ಪ್ರತಿಗಳಿಗೂ ಬರಹ ಮೂಡುವ) ಪುಸ್ತಕ ನಿಲ್ಲುತ್ತದೆ. ಒಂದು ಹಾಳೆ ಸಪ್ಲೈಯರ್‌ಗೆ, ಒಂದು ಲೆಕ್ಕದವರಿಗೆ, ಒಂದು ಪುಸ್ತಕದಲ್ಲೇ. ಆರ್ಡರ್, ಬಿಲ್, ಇಳಿದ ಮಾಲು ಮೂರಕ್ಕೂ ಬೇರೆ ಕಾಲಂ ಇರುವುದೇ ಇದರ ಹೆಚ್ಚುಗಾರಿಕೆ. 50 ಬಾಕ್ಸ್‌ಗೆ ಬಿಲ್ ಆಗಿ 47 ಇಳಿದು, ಅದರಲ್ಲಿ 2 ಒದ್ದೆಯಾಗಿದ್ದರೆ, ಗಾಡಿ ಹೊರಡುವ ಮುನ್ನವೇ ‘3 ಕಡಿಮೆ, 2 ಒದ್ದೆ’ ಎಂದು ಬರೆದು ಡ್ರೈವರ್ ಸಹಿ ಹಾಕಿಸಿ. ‘ಎಲ್ಲ ಸರಿಯಿದೆ’ ಎಂದು ಸಹಿ ಮಾಡಿಕೊಟ್ಟ ಮೇಲೆ ಕ್ರೆಡಿಟ್ ನೋಟ್‌ಗಾಗಿ (ಬಿಲ್ ಮೊತ್ತ ಕಡಿಮೆ ಮಾಡಿ ಸಪ್ಲೈಯರ್ ಕೊಡುವ ಚೀಟಿ) ಗೋಗರೆಯಬೇಕಾಗುತ್ತದೆ.

ಕೊರತೆಯೂ ಇದೆ. ಬ್ಯಾಚ್ ನಂಬರಿಗೆ ಜಾಗವೇ ಇಲ್ಲ, ಷರಾದಲ್ಲಿ ತುರುಕಬೇಕು. ಅಡಿಗೆ ರಟ್ಟು ಇಡದಿದ್ದರೆ ಮುಂದಿನ ಸೆಟ್ಟಿಗೂ ಅಚ್ಚು ಬೀಳುತ್ತದೆ. ಬಿಸಿಲಿಗೆ ಅಕ್ಷರ ಮಾಸುವುದರಿಂದ ಅದೇ ದಿನ ಫೋಟೊ ತೆಗೆದು, ಬಿಲ್ ನಂಬರ್ ಸಮೇತ ಸಪ್ಲೈಯರ್‌ಗೆ ಈಮೇಲ್ ಮಾಡಿ. ಆದರೆ ಬಿಲ್ಲಿನಲ್ಲಿ ತಕರಾರಿಲ್ಲದ ಮೊತ್ತವನ್ನು ತಡೆಹಿಡಿಯಬೇಡಿ.