ದಿ ಹಂಟ್: ಮಗು ಗೋಣು ಹಾಕಿತು, ಅಷ್ಟೇ

ಬೆಂಗಳೂರಿನಿಂದ ಬಂದ ತಮ್ಮನ ಮಗಳು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಳು. "ಅತ್ತೆ, ಮಾಸ್ತರ ಕತೆ ಇದು, ನೋಡು" ಅಂದಳು. ಶಿರಸಿಯಲ್ಲಿ ಆಗ ಜಡಿಮಳೆ. ಸಿನಿಮಾ ಎರಡು ತಾಸಿಗೂ ಕಡಿಮೆ. ಆದರೆ ನಡುವೆ ಕರೆಂಟ್ ಹೋಯಿತು, ಬ್ಯಾಟರಿಯೂ ಮುಗಿಯಿತು. ಉಳಿದದ್ದನ್ನು ಮರುದಿನ ನೋಡಿದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವಳು ನಾನು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

2012ರ ಡೆನ್ಮಾರ್ಕ್ ಸಿನಿಮಾ ಇದು. ನಿರ್ದೇಶಕ ಥಾಮಸ್ ವಿಂಟರ್‌ಬರ್ಗ್. ಲ್ಯೂಕಾಸ್ ಎಂಬ ಮಾಸ್ತರ ಶಾಲೆ ಮುಚ್ಚಿಹೋಗಿದೆ. (ಮಕ್ಕಳಿಲ್ಲದೆ ಶಾಲೆ ಮುಚ್ಚುವುದು ನಮ್ಮ ಕಡೆಯವರಿಗೆ ಹೊಸದಲ್ಲ.) ಈಗ ಶಿಶುವಿಹಾರದಲ್ಲಿ ಕೆಲಸ. ಅಲ್ಲಿಗೆ ಬರುವ ಕ್ಲಾರಾ ಅವನ ಜೀವದ ಗೆಳೆಯ ಥಿಯೋನ ಮಗಳು. ದಾರಿಯಲ್ಲಿ ನಡೆಯುವಾಗ ನೆಲದ ಗೆರೆ ತುಳಿಯದ ಪುಟ್ಟ ಹುಡುಗಿ. ಮಾಸ್ತರ ಮೇಲೆ ಸಿಟ್ಟಾಗಿ, ಮನೆಯಲ್ಲಿ ಅಣ್ಣ ಮತ್ತು ಅವನ ಗೆಳೆಯನ ಬಾಯಲ್ಲಿ ಕೇಳಿದ ಒಂದು ಹೊಲಸು ಮಾತನ್ನು ಅವನಿಗೆ ಅಂಟಿಸಿಬಿಡುತ್ತಾಳೆ. ಮಾಸ್ತರು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂತ ಊರು ನಂಬುತ್ತದೆ.

ಅವನು ತಪ್ಪು ಮಾಡಿಲ್ಲ ಅಂತ ನಮಗೆ ಮೊದಲೇ ಗೊತ್ತು. ಹಾಗಾಗಿ ಯಾರು ಮಾಡಿದ್ದು ಎಂಬ ಕುತೂಹಲವೇ ಇಲ್ಲ. ಇರುವುದು ಪ್ರಶ್ನೆ ಕೇಳುವವರ ಕತೆ.

ಒಂದು ದೃಶ್ಯ ಹೇಳುತ್ತೇನೆ. ಶಿಶುವಿಹಾರದ ದೊಡ್ಡಕ್ಕೋರು ಒಬ್ಬ ಗಂಡಸನ್ನು ಕರೆಸಿ ಕ್ಲಾರಾಳನ್ನು ಮಾತಾಡಿಸುತ್ತಾರೆ. ಕೆಟ್ಟವನಲ್ಲ ಅವನು, ದನಿ ಮೆತ್ತಗೇ ಇದೆ. ಆದರೆ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುತ್ತಾನೆ. ಹುಡುಗಿಗೆ ಹೊರಗೆ ಹೋಗಿ ಆಡಬೇಕು. ಮೂಗು ಮುರಿಯುತ್ತಾಳೆ, ಕಡೆಗೆ ಗೋಣು ಹಾಕುತ್ತಾಳೆ. ಅಷ್ಟಕ್ಕೇ ಒಬ್ಬನ ಬದುಕು ಮುಗಿಯಿತು. ಆಮೇಲೆ "ನಾನು ಸುಮ್ನೆ ಹೇಳಿದ್ದು" ಅಂದರೂ ಅಮ್ಮನೇ ನಂಬುವುದಿಲ್ಲ. ಆ ಮಗುವಾಗಿ ನಟಿಸಿದ ಅನ್ನಿಕಾ ವೆಡ್ಡರ್‌ಕಾಪ್‌ಗೆ ಎಷ್ಟು ಹೊಗಳಿದರೂ ಸಾಲದು.

ನಮ್ಮ ಶಾಲೆಯಲ್ಲೂ ಒಮ್ಮೆ ಹೀಗಾಗಿತ್ತು. ಬಿಸಿಯೂಟದ ಅಕ್ಕಿ ಕಡಿಮೆ ಬಂತು. ಮಾಸ್ತರು ಬೈಕಿನ ಮೇಲೆ ಚೀಲ ಒಯ್ದದ್ದನ್ನು ಎರಡನೇ ಕ್ಲಾಸಿನ ಹುಡುಗನೊಬ್ಬ ನೋಡಿದ್ದ. "ಅಕ್ಕಿ ಚೀಲ ಅಲ್ವನಾ ಅದು?" ಅಂತ ಕೇಳಿದವಳು ನಾನೇ. ಅವನು ಗೋಣು ಹಾಕಿದ. ಚೀಲದಲ್ಲಿ ಇದ್ದದ್ದು ದನದ ಹಿಂಡಿ. ಅದು ಗೊತ್ತಾಗುವಷ್ಟರಲ್ಲಿ ಊರೆಲ್ಲ ಮಾತಾಡಿ ಮುಗಿಸಿತ್ತು.

ಲ್ಯೂಕಾಸ್ ಆಗಿರುವ ಮ್ಯಾಡ್ಸ್ ಮಿಕೆಲ್‌ಸೆನ್‌ಗೆ ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂದಿದೆ. ಬರಬೇಕಾದ್ದೇ. ಬಹಳ ಹೊತ್ತು ಕೂಗುವುದೂ ಇಲ್ಲ, ಅಳುವುದೂ ಇಲ್ಲ. ಅಂಗಡಿಯಲ್ಲಿ ಹೊಡೆದು ಹೊರಗೆ ಹಾಕಿದರೆ, ರಕ್ತ ಸುರಿಯುವ ಮುಖದಲ್ಲೇ ಮತ್ತೆ ಒಳಗೆ ಹೋಗಿ ತನ್ನ ಸಾಮಾನು ಕೇಳುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಚರ್ಚಿನಲ್ಲಿ ಅವನು ಹಿಂದೆ ತಿರುಗಿ ಥಿಯೋನನ್ನು ನೋಡುವ ನೋಟ ಇದೆಯಲ್ಲ, ಅಲ್ಲೇ ನಮ್ಮ ಕರೆಂಟ್ ಹೋಗಿದ್ದು!

ಕೊರತೆ ಇಲ್ಲ ಅಂತಲ್ಲ. ಗೆಳತಿ ನಾದ್ಯಾಳ ಪಾತ್ರ ಅರ್ಧಕ್ಕೇ ಬಿಟ್ಟಂತಿದೆ. ಪೊಲೀಸರ ತನಿಖೆ ಹೇಗಾಯಿತು ಅಂತ ತೋರಿಸುವುದೇ ಇಲ್ಲ. ಮಕ್ಕಳು ಸುಳ್ಳು ಹೇಳುತ್ತಾರೆ ಅನ್ನಲಿಕ್ಕೆ ಮಾತ್ರ ಇದನ್ನು ಯಾರೂ ಎತ್ತಿಕೊಳ್ಳಬಾರದು. ನಮ್ಮಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಬಂದದ್ದೂ ಅದೇ 2012ರಲ್ಲಿ, ಅದು ಬೇಕೇ ಬೇಕಾಗಿತ್ತು. ಮಗು ಹೇಳಿದ್ದನ್ನು ಕೇಳಬೇಕು, ಬಾಯಿಗೆ ಮಾತು ತುರುಕಬಾರದು. ಮಕ್ಕಳ ಜೊತೆ ಕೂತು ನೋಡುವ ಸಿನಿಮಾವಂತೂ ಅಲ್ಲ. ನಾಯಿ ಸಾಕಿದವರಿಗೂ ಒಂದು ಕಡೆ ಕಷ್ಟವಾಗುತ್ತದೆ.

ಕಡೆಗೆ ಒಂದು ವರ್ಷ ದಾಟಿ, ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ, ಶಿಕಾರಿಗೆ ಹೋಗುತ್ತಾರೆ. ಕಾಡಿನಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ.

ನಮ್ಮ ಮಾಸ್ತರು ಆಮೇಲೆ ಬೇರೆ ತಾಲೂಕಿಗೆ ವರ್ಗ ಮಾಡಿಸಿಕೊಂಡರು. ಮಾರಿಕಾಂಬಾ ಜಾತ್ರೆಯಲ್ಲಿ ಒಮ್ಮೆ ಸಿಕ್ಕಿದ್ದರು. ಚಹಾ ಕುಡಿಸಿದರು, ಮನೆಯವರನ್ನೆಲ್ಲ ವಿಚಾರಿಸಿದರು. ಕೈಯಲ್ಲೊಂದು ಚೀಲ ಇತ್ತು. ನಾನು ಕೇಳದಿದ್ದರೂ ಅದರ ಬಾಯಿ ಬಿಚ್ಚಿ ತೋರಿಸಿದರು. "ಮಂಡಕ್ಕಿ ಅಕ್ಕೋರೇ, ಮಕ್ಕಳಿಗೆ" ಅಂದರು.