ಸಾವಿನ ಕಾರಣ ಕೇಳದ ಆಯಸ್ಸಿನ ಕ್ಯಾಲ್ಕುಲೇಟರ್

ವಯಸ್ಸು, ತೂಕ, ರಕ್ತದೊತ್ತಡ, ನಿದ್ದೆ, ಧೂಮಪಾನ, ತಂದೆತಾಯಿಯರ ಆಯಸ್ಸು ಮೊದಲಾಗಿ ಮೂವತ್ತಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೇಳಿ, ನಾವು ಎಷ್ಟು ವರ್ಷ ಬದುಕಬಹುದೆಂದು ಅಂದಾಜಿಸುವ ಒಂದು ಆನ್‌ಲೈನ್ ಕ್ಯಾಲ್ಕುಲೇಟರನ್ನು ಮೂರು ವಾರ ಬಳಸಿ ನೋಡಿದೆ. ನನಗೀಗ 46 ವರ್ಷ. ಅದು ಮೊದಲ ಸಲ ಕೊಟ್ಟ ಉತ್ತರ 79. ಜೀವನಶೈಲಿಯ ವಿಷಯದಲ್ಲಿ ಅದರ ಲೆಕ್ಕ ಚೆನ್ನಾಗಿದೆ. ಮನೆತನದ ಆರೋಗ್ಯದ ವಿಷಯದಲ್ಲಿ ಮಾತ್ರ ದಾರಿ ತಪ್ಪಿದೆ, ಆ ತಪ್ಪು ಸಣ್ಣದೂ ಅಲ್ಲ.

ಧೂಮಪಾನದ ಭಾಗವನ್ನು ಮೆಚ್ಚಲೇಬೇಕು. ಸೇದುತ್ತೀರೋ ಇಲ್ಲವೋ ಎಂದಷ್ಟೇ ಕೇಳಿ ಬಿಡದೆ, ಬಿಟ್ಟಿದ್ದರೆ ಯಾವ ವಯಸ್ಸಿನಲ್ಲಿ ಬಿಟ್ಟಿರಿ ಎಂದೂ ಕೇಳುತ್ತದೆ. ಬ್ರಿಟನ್ನಿನ ವೈದ್ಯರನ್ನೇ ಅಧ್ಯಯನಕ್ಕೆ ಸೇರಿಸಿಕೊಂಡು ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಲ್ಲಿ ಆರಂಭಿಸಿದ ಕೆಲಸದ ಐವತ್ತು ವರ್ಷಗಳ ವರದಿ 2004ರಲ್ಲಿ ಬಂತು. ಸೇದುವುದನ್ನು ಬಿಡದವರು ಎಂದೂ ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 60ರಲ್ಲಿ ಬಿಟ್ಟವರಿಗೆ ಆ ಹತ್ತರಲ್ಲಿ ಸುಮಾರು 3, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9 ವರ್ಷ ಮರಳಿ ದಕ್ಕಿದ್ದವು. ಕ್ಯಾಲ್ಕುಲೇಟರಿನಲ್ಲಿ ಬಿಟ್ಟ ವಯಸ್ಸನ್ನು ಬದಲಾಯಿಸುತ್ತ ಹೋದಾಗ ಉತ್ತರವೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಏರಿಳಿಯಿತು. ಅರವತ್ತು ದಾಟಿದವರು ‘ಇನ್ನು ಬಿಟ್ಟೇನು ಪ್ರಯೋಜನ’ ಎನ್ನುವುದನ್ನು ಬಹಳ ಕೇಳಿದ್ದೇನೆ. ಅಂಥವರಿಗೆ ಈ ಒಂದು ಪುಟವನ್ನಾದರೂ ತೋರಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಡಿಗೆಯ ಪ್ರಶ್ನೆಗಳೂ ಸರಿಯಾಗಿವೆ.

ನನ್ನ ತಕರಾರು ತಂದೆತಾಯಿಯರ ಭಾಗದ ಮೇಲೆ. ಅಲ್ಲಿ ಕೇಳುವುದು ಅವರು ತೀರಿಕೊಂಡ ವಯಸ್ಸನ್ನು ಮಾತ್ರ. ನನ್ನ ತಾಯಿ 48ನೇ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಆ 48ನ್ನು ತುಂಬಿದ ಕೂಡಲೇ ನನ್ನ ಲೆಕ್ಕದಿಂದ ನಾಲ್ಕು ವರ್ಷ ಕಡಿತವಾಯಿತು. ವಾಹನ ಡಿಕ್ಕಿ ಹೊಡೆದದ್ದು ರಕ್ತದಲ್ಲಿ ಮಕ್ಕಳಿಗೆ ಬರುವಂಥದ್ದಲ್ಲ. ಅದಕ್ಕಿಂತ ಕಳವಳ ಹುಟ್ಟಿಸುವುದು ತಂದೆಯವರ ಸಂಗತಿ. ಅವರಿಗೆ 53ರಲ್ಲಿ ಹೃದಯಾಘಾತವಾಗಿತ್ತು. ಚಿಕಿತ್ಸೆಯಿಂದ ಚೇತರಿಸಿಕೊಂಡು 81ರವರೆಗೆ ಬದುಕಿದರು. ಕ್ಯಾಲ್ಕುಲೇಟರ್ ಆ 81ನ್ನು ಕಂಡು ನನಗೆ ಎರಡು ವರ್ಷ ಸೇರಿಸಿತು. ಆದರೆ ತಂದೆಗೋ ಸಹೋದರನಿಗೋ 55ರೊಳಗೆ, ತಾಯಿಗೋ ಸಹೋದರಿಗೋ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ಅಪಾಯದ ಸೂಚನೆಯೆಂದೇ ಎಣಿಸುತ್ತಾರೆ. ಲೆಕ್ಕಕ್ಕೆ ಬಾರದ ಸಾವಿಗೆ ವರ್ಷ ಕಳೆದು, ಲೆಕ್ಕಕ್ಕೆ ಬರಬೇಕಾದ ಕಾಯಿಲೆಯನ್ನು ಕೇಳದೆಯೇ ವರ್ಷ ಕೂಡಿಸುವ ಈ ಉತ್ತರವನ್ನು ನಂಬಿ ಯಾರಾದರೂ ಕೊಲೆಸ್ಟರಾಲ್ ಪರೀಕ್ಷೆಯನ್ನು ಮುಂದೂಡಿದರೆ ಎಂಬುದೇ ನನ್ನ ಭಯ. ಒಡಹುಟ್ಟಿದವರ ಬಗ್ಗೆಯಂತೂ ಒಂದು ಪ್ರಶ್ನೆಯೂ ಇಲ್ಲ.

ಅನುವಂಶೀಯತೆಗೆ ಕೊಟ್ಟಿರುವ ತೂಕವೂ ಹೆಚ್ಚೆನಿಸುತ್ತದೆ. ಡೆನ್ಮಾರ್ಕಿನಲ್ಲಿ 1870ರಿಂದ 1900ರವರೆಗೆ ಹುಟ್ಟಿದ ಅವಳಿಗಳ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಜನರ ಆಯಸ್ಸಿನಲ್ಲಿ ಕಾಣುವ ಏರುಪೇರಿನ ಸುಮಾರು ಕಾಲು ಭಾಗಕ್ಕೆ ಮಾತ್ರ ವಂಶವಾಹಿಗಳು ಕಾರಣ. ಅಲ್ಲದೆ ಒಂದೇ ಮನೆಯಲ್ಲಿ ಬೆಳೆದವರಿಗೆ ವಂಶವಾಹಿಗಳ ಜೊತೆಗೆ ಊಟದ ರೀತಿ, ಸೇದುವ ಚಟ, ಕೂತಲ್ಲೇ ಕೂರುವ ಅಭ್ಯಾಸಗಳೂ ಹಿರಿಯರಿಂದ ಬಂದಿರುತ್ತವೆ. ಅವನ್ನು ಜೀವನಶೈಲಿಯ ಭಾಗದಲ್ಲೊಮ್ಮೆ, ತಂದೆತಾಯಿಯರ ಭಾಗದಲ್ಲಿ ಇನ್ನೊಮ್ಮೆ ಎಣಿಸಿದಂತಾಗಿದೆ.

ಉತ್ತರವನ್ನು ಒಂದೇ ಅಂಕಿಯಾಗಿ ಕೊಡುವುದೂ ಸರಿಯಲ್ಲ. 79 ಎಂಬುದು ನನ್ನಂಥ ಉತ್ತರಗಳನ್ನು ಕೊಡುವ ಬಹಳ ಜನರ ಸರಾಸರಿ, ನನ್ನ ಹಣೆಬರಹವಲ್ಲ. ಅವರಲ್ಲಿ ಎಷ್ಟೋ ಮಂದಿ ಅದಕ್ಕೆ ಮೊದಲೇ ಹೋಗುತ್ತಾರೆ, ಎಷ್ಟೋ ಮಂದಿ ತೊಂಬತ್ತನ್ನೂ ದಾಟುತ್ತಾರೆ. ವಯಸ್ಸಾದಂತೆ ಆ ಅಂಕಿಯೂ ಮುಂದೆ ಸರಿಯುತ್ತದೆ, ಏಕೆಂದರೆ 75 ತುಂಬಿದವರ ಸರಾಸರಿ ತೆಗೆಯುವಾಗ ಅದಕ್ಕೆ ಮೊದಲೇ ತೀರಿಕೊಂಡವರು ಲೆಕ್ಕದಲ್ಲಿರುವುದಿಲ್ಲ. ಇದನ್ನು ವಿವರಿಸುವ ಎರಡು ಸಾಲುಗಳನ್ನು ಉತ್ತರದ ಕೆಳಗೆ ಹಾಕಿದ್ದರೆ ಎಷ್ಟೋ ಜನರ ಆತಂಕ ತಪ್ಪುತ್ತಿತ್ತು.

ಅಭ್ಯಾಸ ಬದಲಿಸಿದರೆ ಏನಾಗಬಹುದೆಂದು ಹೋಲಿಸಿ ನೋಡುವವರಿಗೆ ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ. ಒಟ್ಟಾರೆ 5ರಲ್ಲಿ 3 ಅಂಕ. ತಂದೆಯವರ ಆ 53ನ್ನು ತುಂಬಲು ಅಲ್ಲಿ ಜಾಗವಿಲ್ಲದ್ದರಿಂದ, ಅದನ್ನು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋದೆ. ಅವರು ಕೇಳಿದ ಎರಡನೆಯ ಪ್ರಶ್ನೆಯೇ ಅದಾಗಿತ್ತು.