ಕೆಂಪು ಕಲ್ಲಿನ ಮನೆಗೆ ಯಾವ ರೌಟರ್? ನಾಲ್ಕು ಪೆಟ್ಟಿಗೆಗಳ ಹೋಲಿಕೆ

ನಮ್ಮದು ಪುತ್ತೂರು ಕಡೆಯ ಹಳ್ಳಿಮನೆ. ಗೋಡೆಗಳೆಲ್ಲ ಕೆಂಪು ಕಲ್ಲಿನವು. ಯಾವುದೂ ಮುಕ್ಕಾಲು ಅಡಿಗಿಂತ ತೆಳ್ಳಗಿಲ್ಲ. ಚಾವಡಿ, ನಡುಕೋಣೆ, ಅಡುಗೆಮನೆ ಒಂದರ ಹಿಂದೊಂದು ಸಾಲಾಗಿದ್ದು, ನಾನು ಕೆಲಸಕ್ಕೆ ಕೂರುವ ಕೋಣೆ ಅವೆಲ್ಲಕ್ಕೂ ಹಿಂದಿದೆ. ಫೈಬರ್ ಎಳೆ ಬಂದು ನಿಂತದ್ದು ಚಾವಡಿಯಲ್ಲಿ. ಪ್ಲಾನು 100 ಎಂಬಿಪಿಎಸ್‌ನದು. ಅಲ್ಲಿಂದ ಮೂರು ಗೋಡೆ ದಾಟಿ ನನ್ನ ಮೇಜಿಗೆ ಸಿಗ್ನಲ್ ಬರಬೇಕು, ವಿಡಿಯೋ ಸಭೆ ನಡುವೆ ಕಡಿದುಹೋಗಬಾರದು, ಖರ್ಚು ಆದಷ್ಟು ಕಡಿಮೆಯಲ್ಲಿ ಮುಗಿಯಬೇಕು ಎಂದುಕೊಂಡು ಕಳೆದ ಒಂದು ವರ್ಷದಲ್ಲಿ ನಾಲ್ಕು ಪೆಟ್ಟಿಗೆಗಳನ್ನು ಇದೇ ಮನೆಯಲ್ಲಿ ಬಳಸಿ ನೋಡಿದ್ದೇನೆ.

ಪ್ರತಿಯೊಂದನ್ನೂ ಕನಿಷ್ಠ ಒಂದು ತಿಂಗಳು ನಡೆಸಿದೆ. ಒಂದೇ ಫೋನು ಹಿಡಿದು ರೌಟರಿನ ಎದುರು, ಅಡುಗೆಮನೆಯ ಬಾಗಿಲಲ್ಲಿ ಮತ್ತು ನನ್ನ ಮೇಜಿನ ಬಳಿ, ಬೆಳಿಗ್ಗೆ ಆರಕ್ಕೊಮ್ಮೆ ಮತ್ತು ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆದು ಪುಸ್ತಕದಲ್ಲಿ ಬರೆದಿಟ್ಟೆ. ತಿಂಗಳಲ್ಲಿ ಎಷ್ಟು ಸಲ ಆಫ್ ಮಾಡಿ ಆನ್ ಮಾಡಬೇಕಾಯಿತು ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕುತ್ತಿದ್ದೆ. ಕೊನೆಗೆ ತೀರ್ಮಾನಕ್ಕೆ ಬರಲು ವೇಗದ ಅಂಕಿಗಳಿಗಿಂತ ಈ ಗುರುತುಗಳೇ ಹೆಚ್ಚು ನೆರವಾದವು.

ಮೊದಲನೆಯದು ಫೈಬರ್ ಸಂಪರ್ಕದ ಜೊತೆಯಲ್ಲೇ ಬಂದ ಪೆಟ್ಟಿಗೆ. ಅದರಲ್ಲಿ ವೈಫೈ ಇತ್ತು, ಆದರೆ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ (ಬ್ಯಾಂಡ್ ಎಂದರೆ ವೈಫೈ ಅಲೆಗಳು ಸಾಗುವ ಆವರ್ತನದ ಪಟ್ಟಿ; ಇನ್ನೊಂದು 5 ಗಿಗಾಹರ್ಟ್ಸ್‌ನದು). ಎದುರು ನಿಂತರೆ 45 ಎಂಬಿಪಿಎಸ್, ಮೇಜಿನ ಬಳಿ 9. ತಿಂಗಳಲ್ಲಿ ಹನ್ನೊಂದು ಸಲ ರೀಸ್ಟಾರ್ಟ್. ಇಷ್ಟಾದರೂ ತಪ್ಪೆಲ್ಲವೂ ಪೆಟ್ಟಿಗೆಯದೇ ಎನ್ನಲಾರೆ. ಕೇಬಲ್ ಒಳಬಂದ ಜಾಗದಲ್ಲೇ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ನೆಲದಿಂದ ಒಂದಡಿ ಎತ್ತರದಲ್ಲಿ ಅದನ್ನು ಕೂರಿಸಿ ಹೋಗಿದ್ದರು. ಅದನ್ನು ಆರಡಿ ಎತ್ತರಕ್ಕೆ, ನಡುಕೋಣೆಯ ಬಾಗಿಲಿಗೆ ನೇರವಾಗಿ ಏರಿಸಿದ ದಿನ ಮೇಜಿನ ಬಳಿಯ 9 ಎಂಬುದು 16ಕ್ಕೆ ಏರಿತು. ಹೊಸದನ್ನು ಕೊಳ್ಳುವ ಮೊದಲು ಎಲ್ಲರೂ ಈ ಒಂದು ಕೆಲಸವನ್ನು ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಎರಡು ಮೊಳೆ ಸಾಕು.

ಎರಡನೆಯದು ಸುಮಾರು 1,100 ರೂಪಾಯಿಗೆ ಸಿಕ್ಕಿದ, ಒಂದೇ ಬ್ಯಾಂಡಿನ ಎನ್300 ವರ್ಗದ ರೌಟರ್. ಡಬ್ಬದ ಮೇಲಿನ 300 ಎಂಬ ಅಂಕಿ ಗಾಳಿಯಲ್ಲಿ ಸಾಗುವ ಸಂಪರ್ಕದ ಗರಿಷ್ಠ ಲೆಕ್ಕವೇ ಹೊರತು ಕೈಗೆ ಸಿಗುವ ವೇಗವಲ್ಲ. ಹಿಂಬದಿಯ ಪೋರ್ಟುಗಳು 100 ಎಂಬಿಪಿಎಸ್‌ನವಾದ್ದರಿಂದ ತಂತಿಯಲ್ಲೂ ಸುಮಾರು 95ಕ್ಕೆ ನಿಂತುಬಿಡುತ್ತದೆ. ಮುಂದೆ ದೊಡ್ಡ ಪ್ಲಾನು ಹಾಕಿಸಿದರೂ ಆ ಹೆಚ್ಚಳ ಮನೆಯೊಳಗೆ ಬರುವುದಿಲ್ಲ. ಆದರೆ ಮೇಜಿನ ಬಳಿ ಇದು 22 ಎಂಬಿಪಿಎಸ್ ಕೊಟ್ಟಾಗ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಕಡಿಮೆ ಆವರ್ತನದ ಅಲೆಗಳು ಗೋಡೆಯಲ್ಲಿ ಕಡಿಮೆ ಸೋರಿಹೋಗುತ್ತವೆ ಎಂಬುದನ್ನು ಓದಿ ತಿಳಿದಿದ್ದೆ. ಕೆಂಪು ಕಲ್ಲಿನ ಮೂರು ಗೋಡೆಗಳ ಆಚೆ ಅದು ಕಣ್ಣಿಗೆ ಕಂಡಿತು. ತೊಂದರೆ ಬಂದದ್ದು ಏಪ್ರಿಲ್ ಸೆಕೆಯಲ್ಲಿ. ಮಧ್ಯಾಹ್ನ ಅಂಗೈ ಇಟ್ಟರೆ ತೆಗೆಯಬೇಕೆನಿಸುವಷ್ಟು ಬಿಸಿಯಾಗಿ, ದೀಪಗಳು ಉರಿಯುತ್ತಿದ್ದರೂ ಇಂಟರ್ನೆಟ್ ನಿಂತಿರುತ್ತಿತ್ತು. ಒಮ್ಮೆ ತಿರುಗಿಸಿ ನೋಡಿದರೆ ತಳದ ಗಾಳಿಕಿಂಡಿಗಳ ತುಂಬ ಸಣ್ಣ ಇರುವೆಗಳು, ಅವುಗಳ ಬಿಳಿ ಮೊಟ್ಟೆಗಳು. ಕುಂಚದಿಂದ ಗುಡಿಸಿ, ಗೋಡೆಯಿಂದ ಅರ್ಧ ಇಂಚು ಹೊರಗಿರುವಂತೆ ತೂಗುಹಾಕಿದ ಮೇಲೆ ಬಿಸಿಯೂ ಇಳಿಯಿತು. ಆ ತಿಂಗಳ ರೀಸ್ಟಾರ್ಟ್ ನಾಲ್ಕು.

ಮೂರನೆಯದು ಟಿಪಿ-ಲಿಂಕ್ ಆರ್ಚರ್ ಸಿ6. ನಾನು ಕೊಟ್ಟದ್ದು 2,400 ರೂಪಾಯಿ. ಇದು ಎರಡು ಬ್ಯಾಂಡಿನ ಎಸಿ1200 ವರ್ಗದ್ದು; 2.4ರಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867 ಎಂಬ ಎರಡು ಲೆಕ್ಕಗಳನ್ನು ಕೂಡಿಸಿ ಅಂದಾಜಿಗೆ 1200 ಎನ್ನುತ್ತಾರೆ. ಪೋರ್ಟುಗಳೆಲ್ಲ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನವು. ಚಾವಡಿಯಲ್ಲಿ 5ರ ಬ್ಯಾಂಡು ಪ್ಲಾನಿನ ಪೂರ್ತಿ ವೇಗವನ್ನು ಕೊಟ್ಟಿತು, ಅಡುಗೆಮನೆಯ ಬಾಗಿಲಲ್ಲಿ 60. ಮೇಜಿನ ಬಳಿ ಅದೇ ಬ್ಯಾಂಡು 12ಕ್ಕೆ ಕುಸಿದರೆ 2.4ರ ಬ್ಯಾಂಡು 31ರಲ್ಲಿ ಸ್ಥಿರವಾಗಿ ನಿಂತಿತು. ಎರಡಕ್ಕೂ ಒಂದೇ ಹೆಸರಿದ್ದಾಗ ನನ್ನ ಫೋನು ಚಾವಡಿಯಲ್ಲಿ ಹಿಡಿದ 5ನ್ನೇ ಹಿಂದಿನ ಕೋಣೆಯವರೆಗೂ ಬಿಡದೆ ಎಳೆದು ತರುತ್ತಿದ್ದುದರಿಂದ, ಎರಡೂ ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಟ್ಟು ಮೇಜಿನ ಲ್ಯಾಪ್‌ಟಾಪನ್ನು 2.4ಕ್ಕೆ ಕಟ್ಟಿಹಾಕಿದೆ. ಎರಡು ತಿಂಗಳಲ್ಲಿ ಪುಸ್ತಕದಲ್ಲಿ ಒಂದು ರೀಸ್ಟಾರ್ಟ್ ಗುರುತೂ ಬೀಳಲಿಲ್ಲ. ಇದರಲ್ಲಿ ಯುಎಸ್‌ಬಿ ಪೋರ್ಟ್ ಇಲ್ಲ. ಹಾರ್ಡ್‌ಡಿಸ್ಕ್ ಜೋಡಿಸುವ ಯೋಚನೆ ಇರುವವರು ಇದನ್ನು ಗಮನಿಸಬೇಕು.

ನಾಲ್ಕನೆಯದು ತಂಗಿಯಿಂದ ಒಂದು ತಿಂಗಳಿಗೆ ಕೇಳಿ ತಂದ, 3,600 ರೂಪಾಯಿಯ ವೈಫೈ 6 ರೌಟರ್. ಅಂಕಿಗಳು ಮೂರನೆಯದರ ಪಕ್ಕದಲ್ಲೇ ನಿಂತವು: ಮೇಜಿನ ಬಳಿ 5ರಲ್ಲಿ 14, 2.4ರಲ್ಲಿ 30. ನಮ್ಮ ಮನೆಯ ಫೋನುಗಳೆಲ್ಲ ವೈಫೈ 5ರವು, ಅಂದರೆ ವೈಫೈ 6ರ ಹಿಂದಿನ ತಲೆಮಾರಿನವು. ಹೊಸ ತಂತ್ರದ ಲಾಭ ಸಿಗಬೇಕಾದರೆ ಆ ತುದಿಯಲ್ಲೂ ಅದು ಇರಬೇಕು. ಒಂದೇ ಹೊತ್ತಿನಲ್ಲಿ ಹತ್ತಾರು ಹೊಸ ಸಾಧನಗಳು ನಡೆಯುವ ಮನೆಗಾದರೆ ಹೆಚ್ಚುವರಿ ಹಣಕ್ಕೆ ಅರ್ಥವಿದೆ.

ಅದೇ ರೌಟರನ್ನು ಹಿಂತಿರುಗಿಸಲು ಬೆಂಗಳೂರಿಗೆ ಹೋದಾಗ ಎನ್300 ಪೆಟ್ಟಿಗೆಯನ್ನೂ ಜೊತೆಗೆ ಒಯ್ದಿದ್ದೆ, ಅದು ಒಳ್ಳೆಯದೇ ಆಯಿತು. ತಂಗಿಯದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಗೋಡೆಗಳು ತೆಳು. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ 2.4ರಲ್ಲಿ ಅಕ್ಕಪಕ್ಕದವರ ಇಪ್ಪತ್ತಾರು ಹೆಸರುಗಳು ಕಂಡವು. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ (ಬ್ಯಾಂಡಿನೊಳಗಿನ ಒಂದೊಂದು ದಾರಿ) 1, 6, 11 ಮೂರೇ. ಅಷ್ಟು ಜನ ಆ ಮೂರನ್ನೇ ಹಂಚಿಕೊಳ್ಳಬೇಕು. ನನ್ನ ಮನೆಯಲ್ಲಿ ಮೂರು ಗೋಡೆ ದಾಟಿ 22 ಕೊಟ್ಟ ಪೆಟ್ಟಿಗೆ ಅಲ್ಲಿ ಒಂದೇ ಕೋಣೆಯೊಳಗೆ, ರಾತ್ರಿ ಒಂಬತ್ತಕ್ಕೆ, 6 ಎಂಬಿಪಿಎಸ್‌ಗೆ ಇಳಿಯಿತು. 5ರ ಬ್ಯಾಂಡು ಇಡೀ ಮನೆಗೆ ನಿರಾಯಾಸವಾಗಿ ಸಾಕಾಯಿತು. ಹಾಗಾಗಿ ನಗರದ ಅಪಾರ್ಟ್‌ಮೆಂಟಿಗೆ ಒಂದೇ ಬ್ಯಾಂಡಿನ ರೌಟರನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿರೆಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ನೆರೆಮನೆ ದೂರವಿರುವ, ಒಂದಿಬ್ಬರೇ ಬಳಸುವ ಹಳ್ಳಿಮನೆಗೆ ಅದು ಸಾಕಾದೀತು.

ನಮ್ಮ ಕಡೆ ಇನ್ನೊಂದು ಪರೀಕ್ಷೆಯಿದೆ, ಅದು ಸಿಡಿಲಿನದು. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಅಮ್ಮ ಎದ್ದುಹೋಗಿ ರೌಟರಿನ ಅಡಾಪ್ಟರನ್ನು ಕಿತ್ತಿಡುತ್ತಾರೆ, ಮತ್ತು ಅದು ಸರಿ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ತಂತಿಯ ದಾರಿ ತೆರೆದೇ ಇರುತ್ತದೆ. ಹೀಗೆ ದಿನಕ್ಕೆರಡು ಸಲ ಆಫ್ ಆಗುವ ಮನೆಯಲ್ಲಿ ರೌಟರ್ ಎಷ್ಟು ಬೇಗ ಎದ್ದು ಕೂರುತ್ತದೆ ಎಂಬುದೂ ಮುಖ್ಯವಾಗುತ್ತದೆ. ಎನ್300ಕ್ಕೆ 40 ಸೆಕೆಂಡು, ಸಿ6ಗೆ ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು, ವೈಫೈ 6ರದಕ್ಕೆ ಎರಡು ನಿಮಿಷ ಬೇಕಾಯಿತು. 5ರ ಬ್ಯಾಂಡಿನಲ್ಲಿ ರೇಡಾರಿನೊಂದಿಗೆ ಹಂಚಿಕೊಳ್ಳುವ ಚಾನೆಲ್‌ಗಳನ್ನು ಆರಿಸಿದರೆ, ರೌಟರ್ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನಿದ್ದು ಆಲಿಸಬೇಕಾಗುತ್ತದೆ. 36ರಿಂದ 48ರವರೆಗಿನ ಚಾನೆಲ್ ಇಟ್ಟುಕೊಂಡರೆ ಆ ಕಾಯುವಿಕೆ ತಪ್ಪುತ್ತದೆ. ಕರೆಂಟು ಹೋದಾಗ ನಡೆಸಲು ಮಿನಿ ಯುಪಿಎಸ್ ಕೊಳ್ಳುವವರು ಅಡಾಪ್ಟರಿನ ಮೇಲಿನ ವೋಲ್ಟನ್ನು ಓದಿಕೊಂಡೇ ಹೋಗಬೇಕು. ನನ್ನಲ್ಲಿ ಸಣ್ಣದಕ್ಕೆ 9 ವೋಲ್ಟ್, ದೊಡ್ಡದಕ್ಕೆ 12; ಪಿನ್ನು ಎರಡಕ್ಕೂ ಹೊಂದುತ್ತದೆ, ಆದ್ದರಿಂದಲೇ ಅದಲುಬದಲಾಗುವ ಅಪಾಯವಿದೆ.

ಈಗ ಚಾವಡಿಯಲ್ಲಿರುವುದು ಸಿ6. ಎನ್300 ಮೂಲೆ ಸೇರಲಿಲ್ಲ. ಅಟ್ಟದ ಮೇಲಿನಿಂದ ಒಂದು ಕ್ಯಾಟ್5ಇ ನೆಟ್‌ವರ್ಕ್ ಕೇಬಲ್ ಎಳೆದು, ಎನ್300ನ್ನು ನನ್ನ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಆಗಿ (ತಂತಿಯಲ್ಲಿ ಬಂದ ಸಂಪರ್ಕವನ್ನು ವೈಫೈ ಆಗಿ ಹರಡುವ ಪೆಟ್ಟಿಗೆಯಾಗಿ) ಕೂರಿಸಿದ್ದೇನೆ: ಅದರ ಐಪಿ ವಿಳಾಸವನ್ನು ಸಿ6ರ ಸಾಲಿನಲ್ಲೇ ಬೇರೆ ಅಂಕಿಗೆ ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನು ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗೆ ಚುಚ್ಚದೆ ಮನೆಯ ಸಾಧನಗಳಿಗಿರುವ ಲ್ಯಾನ್ ಪೋರ್ಟಿಗೆ ಚುಚ್ಚಿದರೆ ಕೆಲಸ ಮುಗಿಯಿತು. ಗುಡುಗು ಬಂದಾಗ ಈ ಕೇಬಲಿನ ಎರಡೂ ತುದಿಗಳನ್ನು ಕಿತ್ತಿಡುವುದನ್ನು ಅಮ್ಮನಿಗೆ ತೋರಿಸಿಕೊಟ್ಟಿದ್ದೇನೆ. ಮೇಜಿನ ಬಳಿ ಈಗ 48 ಎಂಬಿಪಿಎಸ್ ಬರುತ್ತಿದೆ.